ಮಲ್ಲರಂಗದ ಮೊದಲ ಚಲಚ್ಚಿತ್ರಕಾರ

೧

ಚರಿತ್ರೆಯೆಂದೊಡನೆ ನಮ್ಮ ಮನಸ್ಸಿಗೆ ತೋರುವುದು ಪಟ್ಟಾಭಿಷೇಕ, ದಂಡಯಾತ್ರೆ, ಸಂಧಿವಿಗ್ರಹ, ದಾನಶಾಸನ ಇವುಗಳೇ. ಜನಸಾಮಾನ್ಯರು ಹೇಗೆ ಉತ್ತರು, ಹೇಗೆ ನೆಯ್ದರು, ಏನು ಉಂಡರು ಎಂಬುದನ್ನು ಈಚಿನ ವಿದ್ವಾಂಸರು ಶೋಧಿಸಿ ಬರೆಯತೊಡಗಿರುವುದು ಸಂತೋಷದ ಸಂಗತಿ. ಆದರೆ ಜನರು ಹೇಗೆ ಆಡಿದರು ಎಂಬ ವಿಷಯ ಮಾತ್ರ ಚರಿತ್ರಕಾರರ ಪಂಕ್ತಿಯಲ್ಲಿ ಇನ್ನೂ ಎಲೆ ಹಾಕಿಸಿಕೊಂಡಿಲ್ಲ. ಇದಕ್ಕೆ ಕಾರಣವಿಲ್ಲದಿಲ್ಲ. ದೇವಾಲಯವು ಶತಮಾನಗಳ ಕಾಲ ನಿಲ್ಲುತ್ತದೆ. ತಾಮ್ರಪಟವು ಮಣ್ಣಿನೊಳಗೆ ಅಡಗಿದ್ದರೂ ಒಂದು ದಿನ ನೇಗಿಲಿಗೆ ಸಿಕ್ಕುತ್ತದೆ. ಓಲೆಗರಿಯನ್ನು ಹುಳು ತಿಂದರೂ ಅದರ ಇನ್ನೊಂದು ಪ್ರತಿಯು ಯಾವುದೋ ಮನೆಯ ಅಟ್ಟದಲ್ಲಿ ಉಳಿದಿರುವುದುಂಟು. ಆಟವಾದರೋ ಆಡಿ ಮುಗಿದ ಕ್ಷಣದಲ್ಲಿಯೇ ಇಲ್ಲವಾಗುವ ವಸ್ತು. ಪಟ್ಟು ಹಾಕಿದ ತೋಳು, ನೆಗೆದ ಕಾಲು, ಉಸಿರುಗಟ್ಟಿ ನೋಡುತ್ತಿದ್ದ ಸಭೆ, ಇವೆಲ್ಲವೂ ಸಂಜೆಯೊಳಗೆ ಕರಗಿಹೋಗುತ್ತವೆ. ಅದು ಉಳಿಯಬೇಕಾದರೆ ಪಕ್ಕದಲ್ಲಿ ಒಬ್ಬನು ನಿಂತು, ತಾನು ಆಡದೆ, ಆಡುವವರಿಗಾಗಿ ಶ್ರಮಪಡಬೇಕು.

ನಮ್ಮ ದೇಶದಲ್ಲಿ ಹಾಗೆ ಯಂತ್ರವನ್ನು ಹಿಡಿದು ನಿಂತ ಮೊದಲನೆಯ ಪುರುಷನ ವಿಷಯವಾಗಿ ಎರಡು ಮಾತುಗಳನ್ನು ಬರೆಯಬೇಕೆಂಬುದು ಈ ಲೇಖನದ ಉದ್ದೇಶ. ಭಾರತೀಯನೊಬ್ಬನು ತೆಗೆದ ಮೊಟ್ಟಮೊದಲನೆಯ ಚಲಚ್ಚಿತ್ರವು ಪುರಾಣಕಥೆಯಲ್ಲ, ರಾಜರ ಮೆರವಣಿಗೆಯಲ್ಲ. ಅದೊಂದು ಕುಸ್ತಿಯ ಪಂದ್ಯ. ಈ ಸಂಗತಿಯನ್ನು ನಮ್ಮಲ್ಲಿ ತಿಳಿದವರು ವಿರಳ. ಅದನ್ನು ತೆಗೆದವರು ಬೊಂಬಾಯಿಯ ಹರಿಶ್ಚಂದ್ರ ಸಖಾರಾಮ ಭಾಟವಡೇಕರರು; ಜನರು ಪ್ರೀತಿಯಿಂದ ಕರೆಯುತ್ತಿದ್ದ ಹೆಸರು ಸಾವೇ ದಾದಾ.

ಮಳೆಯೂರಾದ ಕೊಟ್ಟಿಗೆಹಾರದಲ್ಲಿ, ಚಾರ್ಮಾಡಿ ಘಾಟಿಯ ನೆತ್ತಿಯಲ್ಲಿ ಕುಳಿತು, ಬೊಂಬಾಯಿಯ ಕುಸ್ತಿಯ ಗೊಡವೆ ಈ ಮುದಿ ಮೇಷ್ಟರಿಗೇಕೆಂದು ವಾಚಕರು ಕೇಳಬಹುದು. ಕಾರಣವುಂಟು, ಅದನ್ನು ಕಡೆಯಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

೨

ಚಲಚ್ಚಿತ್ರಯಂತ್ರವು ಬರುವುದಕ್ಕೆ ಮೊದಲು ಆಟವನ್ನು ದಾಖಲಿಸುವ ಪದ್ಧತಿಯೇ ನಮ್ಮಲ್ಲಿ ಇರಲಿಲ್ಲವೆಂದು ಭಾವಿಸಕೂಡದು. ಕನ್ನಡನಾಡಿನ ಮಟ್ಟಿಗೆ ಎರಡು ನಿದರ್ಶನಗಳನ್ನು ಮಾತ್ರ ಕೊಡುತ್ತೇನೆ.

ಮೊದಲನೆಯದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ. ಶಕವರ್ಷ ೮೭೨, ಎಂದರೆ ಕ್ರಿ.ಶ. ೯೪೯-೫೦ರ ಕಾಲ. ರಾಷ್ಟ್ರಕೂಟ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳರೊಡನೆ ಹೋರಾಡಿದಾಗ ಗಂಗ ಬೂತುಗನ ಕಡೆಯ ಮಣಲೆರನೆಂಬ ವೀರನು ಪರಾಕ್ರಮವನ್ನು ತೋರಿಸಿದನು. ಬಹುಮಾನವಾಗಿ ಏನು ಬೇಕೆಂದು ಒಡೆಯನು ಕೇಳಲು, ಅವನು ಭೂಮಿಯನ್ನು ಕೇಳದೆ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಡಲು, ನಾಯಿಯೂ ಹಂದಿಯೂ ಸೆಣಸಿ ಎರಡೂ ಸತ್ತವು. ಮಣಲೆರನು ಕಲ್ಲನ್ನು ನಿಲ್ಲಿಸಿ, ಅದರ ಮೇಲೆ ಆ ಕಾಳಗವನ್ನು ಕೆತ್ತಿಸಿ, ನಾಯಿಯ ಹೆಸರನ್ನು ಬರೆಯಿಸಿದನು. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷಕ್ಕೂ ಹಿಂದಿನ ನಾಯಿಯೊಂದರ ಹೆಸರು ನಮಗೆ ತಿಳಿದಿದೆ. ಅದೇ ಕಾಲದ ಎಷ್ಟು ಮಂಡಲೇಶ್ವರರ ಹೆಸರುಗಳು ಅಳಿದುಹೋಗಿವೆಯೋ ಬಲ್ಲವರಾರು! ಕೆತ್ತಿಸಬೇಕೆಂಬ ಬುದ್ಧಿ ಒಬ್ಬನಿಗೆ ಹುಟ್ಟಿತು, ಆದುದರಿಂದ ಉಳಿಯಿತು.

ಎರಡನೆಯದು ಮಾನಸೋಲ್ಲಾಸ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಕ್ರಿ.ಶ. ೧೧೨೯ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ಈ ಗ್ರಂಥಕ್ಕೆ ಅಭಿಲಷಿತಾರ್ಥಚಿಂತಾಮಣಿ ಎಂಬ ಇನ್ನೊಂದು ಹೆಸರುಂಟು. ಐದು ವಿಂಶತಿಗಳು, ನೂರು ಅಧ್ಯಾಯಗಳು. ಅದರಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಸ್ಥಾನವಿದೆ. ಮಲ್ಲರಲ್ಲಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂಬ ತಾರತಮ್ಯ, ಅವರ ಆಹಾರ, ಭಾರವನ್ನೆತ್ತುವುದು, ನಡೆಯುವುದು, ಈಜುವುದು, ಕಂಬದ ಮೇಲೆ ಸಾಧನೆಮಾಡುವುದು ಮುಂತಾದ ಶ್ರಮಗಳು, ಇವೆಲ್ಲವನ್ನೂ ಆ ದೊರೆ ವಿವರಿಸಿದ್ದಾನೆ. ಅವನ ಬಿರುದೇ ಭೂಲೋಕಮಲ್ಲ ಎಂಬುದನ್ನು ನೆನೆದರೆ ಈ ಆಸಕ್ತಿ ಆಶ್ಚರ್ಯವಲ್ಲ. ಮೈಸೂರಿನ ಜಟ್ಟಿಗಳ ಹೆಸರು ಈ ಜ್ಯೇಷ್ಠಿ ಶಬ್ದದಿಂದಲೇ ಬಂದಿತೆಂದು ಹೇಳುವವರುಂಟು. ವಿಜಯದಶಮಿಯ ದಿನ ಮೈಸೂರಿನ ಅರಮನೆಯಲ್ಲಿ, ತಲೆಬೋಳಿಸಿಕೊಂಡು ಕೈಯಲ್ಲಿ ವಜ್ರಮುಷ್ಟಿಯನ್ನು ಧರಿಸಿ, ಒಬ್ಬನ ತಲೆಯಿಂದ ರಕ್ತವು ಚಿಮ್ಮುವವರೆಗೆ ಕಾಳಗವಾಡುವ ಜಟ್ಟಿಗಳನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು ಮಹಾನವಮಿಯ ಮಲ್ಲರನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ.

ಆದರೆ ಒಂದು ಭೇದವನ್ನು ಗಮನಿಸಬೇಕು. ಸೋಮೇಶ್ವರನು ಮಲ್ಲರ ಜಾತಿಭೇದವನ್ನು ಹೇಳುತ್ತಾನೆ, ಮಲ್ಲನೊಬ್ಬನ ಹೆಸರನ್ನು ಹೇಳುವುದಿಲ್ಲ. ಪಾಯಸನೂ ಹಾಗೆಯೇ. ಶಾಸ್ತ್ರಕ್ಕೆ ಬೇಕಾದುದು ಲಕ್ಷಣ. ಲಕ್ಷ್ಯವಾದ ವ್ಯಕ್ತಿಯು ಅದರಲ್ಲಿ ಮರೆಯಾಗುತ್ತಾನೆ. ಇಂಥ ದಿನ, ಇಂಥ ಸ್ಥಳದಲ್ಲಿ, ಇಂಥ ಇಬ್ಬರು ಮನುಷ್ಯರು ಹೀಗೆ ಆಡಿದರು ಎಂದು ಕಣ್ಣಿಗೆ ಕಟ್ಟುವಂತೆ ತೋರಿಸಬೇಕಾದರೆ ಬೇರೊಂದು ಸಾಧನವು ಬೇಕಾಗಿದ್ದಿತು. ಅದು ೧೮೯೬ರಲ್ಲಿ ಬೊಂಬಾಯಿಗೆ ಬಂದಿತು.

೩

ಫ್ರಾನ್ಸ್ ದೇಶದ ಲೂಮಿಯೇರ್ ಸಹೋದರರು ತಾವು ಕಂಡುಹಿಡಿದ ಚಲಚ್ಚಿತ್ರಯಂತ್ರವನ್ನು ಲೋಕಕ್ಕೆಲ್ಲ ತೋರಿಸುವುದಕ್ಕಾಗಿ ನಾನಾ ದಿಕ್ಕುಗಳಿಗೆ ಪ್ರತಿನಿಧಿಗಳನ್ನು ಕಳುಹಿಸಿದ್ದರು. ಅವರಲ್ಲಿ ಮಾರಿಯುಸ್ ಸೆಸ್ತಿಯೇ ಎಂಬವನು ಆಸ್ಟ್ರೇಲಿಯಕ್ಕೆ ಹೋಗುವ ದಾರಿಯಲ್ಲಿ ಬೊಂಬಾಯಿಯಲ್ಲಿ ಇಳಿದನು. ೧೮೯೬ನೆಯ ಇಸವಿ ಜುಲೈ ೭ನೆಯ ತಾರೀಖು ವಾಟ್ಸನ್ ಹೋಟೆಲಿನಲ್ಲಿ ಆರು ಕಿರುಚಿತ್ರಗಳ ಪ್ರದರ್ಶನವಾಯಿತು. ಪ್ರವೇಶಕ್ಕೆ ಒಂದು ರೂಪಾಯಿ. ನಿಲ್ದಾಣಕ್ಕೆ ಬರುವ ರೈಲುಗಾಡಿ, ಕಾರ್ಖಾನೆಯಿಂದ ಹೊರಬರುವ ಕೆಲಸಗಾರರು, ಸಮುದ್ರಸ್ನಾನ, ಇಂಥ ಸಾಮಾನ್ಯ ದೃಶ್ಯಗಳೇ ಅವು. ಆದರೆ ಬಿಳಿಯ ಪರದೆಯ ಮೇಲೆ ಅವು ಚಲಿಸಿದುದನ್ನು ಕಂಡು ಜನರು ದಂಗಾದರು. ಕೆಲವು ದಿನಗಳಲ್ಲಿಯೇ ಪ್ರದರ್ಶನವು ನಾವೆಲ್ಟಿ ನಾಟಕಶಾಲೆಗೆ ಬಂದು, ನಾಲ್ಕಾಣೆಯ ಜಾಗದಿಂದ ಮೊದಲ್ಗೊಂಡು ಎರಡು ರೂಪಾಯಿಯ ಜಾಗದವರೆಗೆ ಎಲ್ಲ ತರಗತಿಯ ಜನರಿಗೂ ಲಭ್ಯವಾಯಿತು.

ಹೀಗೆ ನೋಡಿದವರಲ್ಲಿ ಭಾಟವಡೇಕರರೂ ಒಬ್ಬರು. ೧೮೬೮ನೆಯ ಇಸವಿ ಮಾರ್ಚಿ ೧೫ರಂದು ಹುಟ್ಟಿದ ಅವರಿಗೆ ಆಗ ಇಪ್ಪತ್ತೆಂಟು ವಯಸ್ಸು; ಛಾಯಾಚಿತ್ರವೇ ಜೀವನೋಪಾಯ. ನಿಶ್ಚಲವಾದ ಬಿಂಬವನ್ನು ಹಿಡಿಯುವ ವಿದ್ಯೆಯು ಕರತಲಾಮಲಕವಾಗಿದ್ದವರಿಗೆ ಚಲಿಸುವ ಬಿಂಬವನ್ನು ಕಂಡಾಗ ಆಗಿರಬಹುದಾದ ತಳಮಳವನ್ನು ನಾವು ಊಹಿಸಬಹುದು. ಉಳಿದವರೆಲ್ಲ ಬೆರಗಾಗಿ ಮನೆಗೆ ಹೋದರು. ಇವರು ಬೆರಗನ್ನು ಕಾರ್ಯಕ್ಕೆ ತಿರುಗಿಸಿದರು. ಲಂಡನಿನಿಂದ ೨೧ ಗಿನಿಗಳ ಬೆಲೆಗೆ ಒಂದು ಚಲಚ್ಚಿತ್ರದ ಕ್ಯಾಮರಾವನ್ನು ತರಿಸಿದರು. ಗಿನಿಯೊಂದಕ್ಕೆ ಇಪ್ಪತ್ತೊಂದು ಷಿಲಿಂಗು. ಪೌಂಡಿಗೆ ಹದಿನೈದು ರೂಪಾಯಿಯಂತೆ ಲೆಕ್ಕಹಾಕಿದರೆ ಸುಮಾರು ೩೩೦ ರೂಪಾಯಿಗಳಾಗುತ್ತವೆ. ಹಡಗಿನ ಬಾಡಿಗೆ ಮುಂತಾದುವು ಬೇರೆ. ನಾಲ್ಕಾಣೆ ಕೊಟ್ಟು ಆಟ ನೋಡುವುದೇ ಬಡವನಿಗೆ ಭಾರವಾಗಿದ್ದ ಕಾಲದಲ್ಲಿ ಅದು ಸಣ್ಣ ಮೊತ್ತವಲ್ಲ.

೪

ಯಂತ್ರವು ಬಂದಿತು. ಮೊದಲು ಯಾವುದನ್ನು ಚಿತ್ರಿಸಬೇಕು? ಮುಂದೆ ೧೯೧೩ರಲ್ಲಿ ಧುಂಡಿರಾಜ ಗೋವಿಂದ ಫಾಳಕೆಯವರು ಸತ್ಯಹರಿಶ್ಚಂದ್ರನ ಕಥೆಯನ್ನು ಆರಿಸಿಕೊಂಡರು. ಭಾರತೀಯ ಚಲಚ್ಚಿತ್ರದ ಪಿತಾಮಹರೆಂಬ ಕೀರ್ತಿಯೂ ಅವರಿಗೇ ನ್ಯಾಯವಾಗಿ ಸಂದಿದೆ. ಅದಕ್ಕೆ ಹದಿನಾಲ್ಕು ವರ್ಷಗಳ ಹಿಂದೆ, ೧೮೯೯ರಲ್ಲಿ, ಭಾಟವಡೇಕರರು ಆರಿಸಿಕೊಂಡದ್ದು ಮಲಬಾರ್ ಹಿಲ್ಲಿನ ಹ್ಯಾಂಗಿಂಗ್ ಗಾರ್ಡನ್ಸ್ ಎಂಬ ತೋಟದಲ್ಲಿ ನಡೆದ ಒಂದು ಕುಸ್ತಿಯನ್ನು. ಸೆಣಸಿದವರು ಪುಂಡಲೀಕ ದಾದಾ ಮತ್ತು ಕೃಷ್ಣಾ ನ್ಹಾವಿ ಎಂಬ ಇಬ್ಬರು ಜಟ್ಟಿಗಳು. ನ್ಹಾವಿ ಎಂದರೆ ಮರಾಠಿಯಲ್ಲಿ ಕ್ಷೌರಿಕನೆಂದರ್ಥ. ಹೆಸರಿನ ಜಾಡನ್ನು ನಂಬುವುದಾದರೆ, ಭಾರತದ ಮೊದಲನೆಯ ಸ್ವದೇಶೀ ಚಲಚ್ಚಿತ್ರದ ನಾಯಕರಲ್ಲಿ ಒಬ್ಬನು ಕತ್ತಿಪೆಟ್ಟಿಗೆಯ ಮನೆತನದವನು.

ಕುಸ್ತಿಯನ್ನೇ ಏಕೆ ಆರಿಸಿದರೆಂಬುದನ್ನು ಯಂತ್ರದ ಸ್ವಭಾವವೇ ಬಹುಮಟ್ಟಿಗೆ ಹೇಳುತ್ತದೆ. ಆ ಕಾಲದ ಕ್ಯಾಮರಾವೆಂದರೆ ಬೆಳಕು ನುಸುಳದ ಒಂದು ಮರದ ಪೆಟ್ಟಿಗೆ. ಮುಂದೆ ಮಸೂರ, ಪಕ್ಕದಲ್ಲಿ ಹಿಡಿಕೆ. ಹಿಡಿಕೆಯನ್ನು ತಿರುಗಿಸಿದಂತೆಲ್ಲ ಒಳಗಿನ ಕೊಕ್ಕೆಯು ಫಿಲ್ಮಿನ ಅಂಚಿನ ರಂಧ್ರಗಳಲ್ಲಿ ಸಿಕ್ಕಿ ಅದನ್ನು ತಡೆತಡೆದು ಕೆಳಗೆಳೆಯುವುದು. ತಡೆದ ಪ್ರತಿಯೊಂದು ಕ್ಷಣದಲ್ಲಿಯೂ ಒಂದು ಬಿಂಬ ಮೂಡುವುದು. ಸಾಮಾನ್ಯವಾಗಿ ಸೆಕೆಂಡಿಗೆ ಎರಡು ಸುತ್ತು, ಹದಿನಾರು ಬಿಂಬ. ನಿಮಿಷವೊಂದಕ್ಕೆ ೧೨೦ ಸುತ್ತು, ೯೬೦ ಬಿಂಬ, ೬೦ ಅಡಿ ಫಿಲ್ಮು. ಸುರುಳಿಯ ಉದ್ದವೇ ಬಹುಶಃ ಅಷ್ಟು. ಒಂದು ನಿಮಿಷ ಹೆಚ್ಚುಕಡಮೆಯಲ್ಲಿ ಎಲ್ಲವೂ ಮುಗಿಯಬೇಕು. ಕೈ ಆತುರಪಟ್ಟರೆ ಪರದೆಯ ಮೇಲೆ ಮನುಷ್ಯರು ನಿಧಾನವಾಗುವರು. ಕೈ ಸೋತರೆ ಅವರು ಕುಣಿಯುವರು. ಮನೆಯೊಳಗಿನ ದೀಪದ ಬೆಳಕು ಸಾಲದು, ಸೂರ್ಯನೇ ದೀಪ. ಪೆಟ್ಟಿಗೆಯನ್ನು ಆಟದ ಹಿಂದೆ ಹೊತ್ತುಕೊಂಡು ಓಡುವಂತಿಲ್ಲ. ಒಂದೆಡೆ ನಿಲ್ಲಿಸಿ, ಅದರ ಕಣ್ಣಿನ ಅಳವಿಗೆ ಬಂದುದನ್ನು ಮಾತ್ರ ಹಿಡಿಯಬೇಕು.

ಈ ನಿರ್ಬಂಧಗಳಿಗೆ ಕುಸ್ತಿಯಷ್ಟು ಹೊಂದುವ ಆಟ ಮತ್ತೊಂದಿಲ್ಲ. ಚೆಂಡಾಟದಲ್ಲಿ ಆಟಗಾರರು ಮೈದಾನದ ತುಂಬ ಚದರುತ್ತಾರೆ. ಓಟದಲ್ಲಿ ಕಣ್ಣಳವಿಯನ್ನು ದಾಟಿಹೋಗುತ್ತಾರೆ. ಮಲ್ಲರಾದರೋ ಕೆಲವೇ ಮೊಳಗಳ ಅಖಾಡದೊಳಗೆ, ಹಗಲು ಬೆಳಕಿನಲ್ಲಿ, ಬರಿಮೈಯಲ್ಲಿ, ಒಬ್ಬರನ್ನೊಬ್ಬರು ಬಿಡದೆ ಇರುತ್ತಾರೆ. ಮಾತಿನ ಆವಶ್ಯಕತೆಯಿಲ್ಲ, ಭಾಷೆ ಬಾರದವನಿಗೂ ಅರ್ಥವಾಗುತ್ತದೆ. ಮೇಲಾಗಿ ಅದು ಮನೆಯ ಆಟ. ಆ ಹಿಂದಿನ ಮೂರು ವರ್ಷಗಳಿಂದ ಪರದೆಯ ಮೇಲೆ ಫ್ರಾನ್ಸಿನ ರೈಲನ್ನೂ ಸಮುದ್ರಸ್ನಾನವನ್ನೂ ನೋಡುತ್ತಿದ್ದ ಜನರಿಗೆ ತಮ್ಮ ಓಣಿಯ ಗರಡಿಯಲ್ಲಿ ಕಾಣುವಂಥ ಮೈಗಳೇ ಪರದೆಯ ಮೇಲೆ ಕಾಣಬೇಕೆಂಬ ಆಲೋಚನೆ ಆ ಛಾಯಾಚಿತ್ರಕಾರನಿಗೆ ಹೊಳೆದದ್ದು ಸಾಮಾನ್ಯವಲ್ಲ.

ತೆಗೆದ ಫಿಲ್ಮನ್ನು ಸಂಸ್ಕರಿಸುವ ಅನುಕೂಲವು ಇಲ್ಲಿರಲಿಲ್ಲವಾದ್ದರಿಂದ ಅದನ್ನು ಹಡಗಿನಲ್ಲಿ ಲಂಡನಿಗೆ ಕಳುಹಿಸಬೇಕಾಯಿತು. ಪುಂಡಲೀಕ ದಾದಾ, ಕೃಷ್ಣಾ ನ್ಹಾವಿ ಇಬ್ಬರೂ ಹೀಗೆ ಕಾಲಾಪಾನಿಯನ್ನು ದಾಟಿ, ದೋಷವಿಲ್ಲದೆ ಹಿಂದಿರುಗಿದರೆನ್ನಬಹುದು! ಅಷ್ಟರೊಳಗೆ ಭಾಟವಡೇಕರರು ಪ್ರದರ್ಶನದ ಯಂತ್ರವೊಂದನ್ನೂ ಕೊಂಡು, ಬಯಲಿನಲ್ಲಿ ಪರದೇಶದ ಚಿತ್ರಗಳನ್ನು ತೋರಿಸತೊಡಗಿದ್ದರು. ಕೋತಿಗಳನ್ನು ಪಳಗಿಸುವವನ ವಿಷಯವಾಗಿ ಅವರು ತೆಗೆದ ಎರಡನೆಯ ಚಿತ್ರವೂ ಸೇರಿ, ಈ ಎರಡು ಸ್ವದೇಶೀ ಚಿತ್ರಗಳು ವಿದೇಶೀ ಚಿತ್ರಗಳ ಪಂಕ್ತಿಯಲ್ಲಿಯೇ ಪ್ರದರ್ಶಿತವಾದುವು. ತೆಗೆದವರೂ ಅವರೇ, ತೋರಿಸಿದವರೂ ಅವರೇ.

೫

ಅವರ ಮುಂದಿನ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಕೇಂಬ್ರಿಜ್ಜಿನ ಗಣಿತಪರೀಕ್ಷೆಯಲ್ಲಿ ೧೮೯೯ರಲ್ಲಿ ಸೀನಿಯರ್ ರ‍್ಯಾಂಗ್ಲರ್ ಎಂಬ ಉನ್ನತ ಸ್ಥಾನವನ್ನು ಪಡೆದ ಮೊದಲನೆಯ ಭಾರತೀಯರಾದ ರಘುನಾಥ ಪುರುಷೋತ್ತಮ ಪರಾಂಜಪೆಯವರು ೧೯೦೧ರ ಡಿಸೆಂಬರಿನಲ್ಲಿ ಸ್ವದೇಶಕ್ಕೆ ಹಿಂದಿರುಗಿದಾಗ ಬೊಂಬಾಯಿಯಲ್ಲಿ ನಡೆದ ಸ್ವಾಗತವನ್ನು ಭಾಟವಡೇಕರರು ಚಿತ್ರಿಸಿದರು. ಭಾರತೀಯನು ತೆಗೆದ ಮೊದಲನೆಯ ಸುದ್ದಿಚಿತ್ರವೆಂದು ಇದನ್ನು ಎಣಿಸುತ್ತಾರೆ. ೧೯೦೩ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕದ ನಿಮಿತ್ತವಾಗಿ ಲಾರ್ಡ್ ಕರ್ಜನನು ದೆಹಲಿಯಲ್ಲಿ ನಡೆಸಿದ ದರ್ಬಾರನ್ನೂ ಅವರು ಚಿತ್ರಿಸಿದರು. ಅನಂತರ ಅವರು ಕ್ಯಾಮರಾದ ವೃತ್ತಿಯಿಂದ ಸರಿದು ಬೊಂಬಾಯಿಯ ಗೇಯ್ಟಿ ನಾಟಕಶಾಲೆಯ ವ್ಯವಸ್ಥಾಪಕರಾದರು. ೧೯೫೮ರ ಫೆಬ್ರವರಿ ೨೦ರಂದು, ತೊಂಬತ್ತನೆಯ ವರ್ಷವು ತುಂಬಲು ಒಂದು ತಿಂಗಳು ಕಡಮೆಯಿರುವಾಗ ತೀರಿಕೊಂಡರು. ಮೂಕಚಿತ್ರವು ಹುಟ್ಟಿ, ಬೆಳೆದು, ಅಳಿದು, ಮಾತಿನ ಚಿತ್ರಕ್ಕೆ ದಾರಿಬಿಟ್ಟುಕೊಟ್ಟುದೆಲ್ಲವೂ ಅವರ ಕಣ್ಣಮುಂದೆಯೇ ನಡೆದುಹೋಯಿತು.

ಈ ಜೀವನವನ್ನು ಸಿಂಹಾವಲೋಕನಮಾಡಿದರೆ ಕುತೂಹಲಕರವಾದ ಒಂದು ಅಂಶವು ಗೋಚರಿಸುತ್ತದೆ. ಅವರ ಕ್ಯಾಮರಾವು ಮೊದಲು ಮುಖಮಾಡಿದ್ದು ಇಬ್ಬರು ಸಾಮಾನ್ಯ ಜಟ್ಟಿಗಳ ಕಡೆಗೆ. ಅನಂತರ ಒಬ್ಬ ಪಂಡಿತನ ಕಡೆಗೆ. ಕಡೆಗೆ ರಾಜಪ್ರತಿನಿಧಿಯ ಕಡೆಗೆ. ಲೋಕರೂಢಿಯಲ್ಲಿ ಇದನ್ನು ಏರಿಕೆಯೆನ್ನುತ್ತಾರೆ. ನನಗೆ ಮಾತ್ರ ಹಾಗೆ ತೋರುವುದಿಲ್ಲ. ದರ್ಬಾರನ್ನು ಚಿತ್ರಿಸುವುದಕ್ಕೆ ಆಂಗ್ಲರ ಕ್ಯಾಮರಾಗಳೂ ಬಂದಿದ್ದುವು. ಭಾಟವಡೇಕರರಿಲ್ಲದಿದ್ದರೂ ಕರ್ಜನನ ಆನೆಗಳ ಚಿತ್ರಕ್ಕೆ ಕೊರತೆಯಿರುತ್ತಿರಲಿಲ್ಲ. ಕೃಷ್ಣಾ ನ್ಹಾವಿಯನ್ನು ಚಿತ್ರಿಸುವವರು ಅವರ ಹೊರತು ಇನ್ನಾರಿದ್ದರು?

೬

ಆಟವನ್ನು ಚಲಚ್ಚಿತ್ರದಲ್ಲಿ ಹಿಡಿಯುವ ಕಾರ್ಯವು ಅದೇ ಕಾಲದಲ್ಲಿ ಲೋಕದ ಇತರ ಭಾಗಗಳಲ್ಲಿಯೂ ನಡೆಯುತ್ತಿದ್ದಿತು. ಇಂಗ್ಲೆಂಡಿನಲ್ಲಿ ಬರ್ಟ್ ಏಕರ್ಸ್ ಎಂಬವನು ೧೮೯೫ರ ಡರ್ಬಿ ಕುದುರೆಯೋಟವನ್ನು ಚಿತ್ರಿಸಿದನು. ಅಮೆರಿಕದ ಕಾರ್ಸನ್ ಎಂಬ ಪಟ್ಟಣದಲ್ಲಿ ೧೮೯೭ರ ಮಾರ್ಚಿ ೧೭ರಂದು ನಡೆದ ಕಾರ್ಬೆಟ್ ಮತ್ತು ಫಿಟ್ಸ್‌ಸಿಮನ್ಸರ ಮುಷ್ಟಿಯುದ್ಧವನ್ನು ನೂರು ನಿಮಿಷಗಳಿಗೂ ಮೀರಿ ಚಿತ್ರಿಸಿದರು. ಅಷ್ಟು ದೀರ್ಘವಾದ ಚಿತ್ರವು ಅದುವರೆಗೆ ಇರಲಿಲ್ಲ. ವಾಟ್ಸನ್ ಹೋಟೆಲಿನಲ್ಲಿ ನಮಗೆ ಚಲಚ್ಚಿತ್ರವನ್ನು ತೋರಿಸಿದ ಆ ಸೆಸ್ತಿಯೇ ಎಂಬವನೇ ಆಸ್ಟ್ರೇಲಿಯಕ್ಕೆ ಹೋಗಿ, ೧೮೯೬ರ ನವೆಂಬರಿನಲ್ಲಿ ಮೆಲ್ಬೋರ್ನ್ ಕಪ್ ಎಂಬ ಪ್ರಸಿದ್ಧ ಕುದುರೆಯೋಟವನ್ನು ಚಿತ್ರಿಸಿದನು. ಮರುವರ್ಷ ಅದೇ ದೇಶದ ಸಿಡ್ನಿಯಲ್ಲಿ ನಮ್ಮ ರಣಜಿತ್‌ಸಿಂಹರು ಬಲೆಯ ಮುಂದೆ ನಿಂತು ಬ್ಯಾಟು ಬೀಸುವುದನ್ನು ಚಿತ್ರಿಸಲಾಯಿತು.

ಇಲ್ಲಿ ಹೃದಯವನ್ನು ಚುಚ್ಚುವ ವಿಷಯವೊಂದುಂಟು. ಮೆಲ್ಬೋರ್ನಿನ ಕುದುರೆಯೋಟದ ಆ ಚಿತ್ರದ ಭಾಗಗಳು ಇಂದಿಗೂ ಇವೆ. ರಣಜಿಯವರ ಆ ಚಿತ್ರವೂ ಇದೆ. ಬೇಕೆಂದವರು ಇಂದು ನೋಡಬಹುದು. ಪರದೇಶದವರು ಪರದೇಶದಲ್ಲಿ ಚಿತ್ರಿಸಿದ ಭಾರತೀಯನು ಉಳಿದನು. ಭಾರತೀಯನು ಭಾರತದಲ್ಲಿ ಚಿತ್ರಿಸಿದ ಇಬ್ಬರು ಭಾರತೀಯರು ಉಳಿಯಲಿಲ್ಲ. ಹ್ಯಾಂಗಿಂಗ್ ಗಾರ್ಡನ್ಸಿನ ಕುಸ್ತಿಯ ಚಿತ್ರವು ನಷ್ಟವಾಗಿದೆ.

ನಷ್ಟಕ್ಕೆ ಕಾರಣಗಳು ಎರಡು. ಒಂದು ದ್ರವ್ಯದೋಷ. ಆ ಕಾಲದ ಫಿಲ್ಮು ನೈಟ್ರೇಟ್ ಎಂಬ ವಸ್ತುವಿನಿಂದಾದುದು. ಬೆಂಕಿಗೆ ಬಲು ಬೇಗ ತುತ್ತಾಗುತ್ತದೆ. ಬೆಂಕಿ ತಾಗದಿದ್ದರೂ ಸೆಕೆ ತೇವಗಳಿಂದ ಅಂಟಂಟಾಗಿ, ಕಡೆಗೆ ಹುಡಿಯಾಗುತ್ತದೆ. ಇನ್ನೊಂದು ಬುದ್ಧಿದೋಷ. ಒಮ್ಮೆ ತೋರಿಸಿಯಾದ ಚಿತ್ರಕ್ಕೆ ಬೆಲೆಯಿಲ್ಲವೆಂಬ ಭಾವನೆ. ನಮ್ಮ ದೇಶದಲ್ಲಿ ಚಿತ್ರಗಳನ್ನು ರಕ್ಷಿಸುವುದಕ್ಕಾಗಿ ರಾಷ್ಟ್ರೀಯ ಸಂಗ್ರಹಾಲಯವು ಪುಣೆಯಲ್ಲಿ ಸ್ಥಾಪಿತವಾದದ್ದು ೧೯೬೪ರಲ್ಲಿ. ಅಷ್ಟರೊಳಗೆ ಕುಸ್ತಿಯ ಚಿತ್ರವು ತೆಗೆದು ಅರುವತ್ತೈದು ವರ್ಷಗಳಾಗಿದ್ದುವು. ನಮ್ಮಲ್ಲಿ ತಯಾರಾದ ಸಾವಿರಕ್ಕೂ ಮೇಲ್ಪಟ್ಟ ಮೂಕಚಿತ್ರಗಳಲ್ಲಿ ಇಂದು ಉಳಿದಿರುವುವು, ತುಣುಕುಗಳನ್ನೂ ಸೇರಿಸಿ, ಮೂವತ್ತರ ಆಸುಪಾಸು. ಕನ್ನಡಿಗರು ಬೇರೆಯವರನ್ನು ಆಕ್ಷೇಪಿಸಬೇಕಾಗಿಲ್ಲ. ೧೯೩೪ರ ಮಾರ್ಚಿ ೩ರಂದು ತೆರೆಕಂಡ ನಮ್ಮ ಮೊದಲನೆಯ ವಾಕ್ಚಿತ್ರ ಸತೀಸುಲೋಚನಾ ಕೂಡ ಇಂದು ಇಲ್ಲ.

ಆದರೆ ವಾಚಕರು ಇನ್ನೊಂದು ಅಂಶವನ್ನು ಗಮನಿಸಬೇಕೆಂದು ಪ್ರಾರ್ಥಿಸುತ್ತೇನೆ. ಚಿತ್ರವು ಹೋಯಿತು, ಹೆಸರುಗಳು ಹೋಗಲಿಲ್ಲ. ಪುಂಡಲೀಕ ದಾದಾ ಮತ್ತು ಕೃಷ್ಣಾ ನ್ಹಾವಿ ಎಂಬ ಎರಡು ಹೆಸರುಗಳನ್ನು ಯಾರೋ ಬರೆದಿಟ್ಟರು. ೯೬೦ ಬಿಂಬಗಳು ಮಾಡಲಾರದ ಕೆಲಸವನ್ನು ಎರಡು ಹನಿ ಮಸಿ ಮಾಡಿತು. ಆತಕೂರಿನ ಕಾಳಿಯ ಹೆಸರು ಉಳಿದದ್ದೂ ಈ ನ್ಯಾಯದಿಂದಲೇ.

೭

ಭಾಟವಡೇಕರರ ಅನಂತರ ಆಟದ ಚಲಚ್ಚಿತ್ರವು ಲೋಕದಲ್ಲಿ ದೊಡ್ಡ ಕಲೆಯಾಗಿ ಬೆಳೆಯಿತು. ಅದರ ಎರಡು ಮಾರ್ಗಗಳನ್ನು ಸೂಚಿಸಿ ಮುಂದುವರಿಯುತ್ತೇನೆ.

೧೯೩೬ರಲ್ಲಿ ಬರ್ಲಿನಿನಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳನ್ನು ಲೇನಿ ರೀಫೆನ್‌ಸ್ಟಾಲ್ ಎಂಬ ಜರ್ಮನ್ ಮಹಿಳೆಯು ಚಿತ್ರಿಸಿದಳು. ನಮ್ಮ ಧ್ಯಾನಚಂದರ ಹಾಕಿ ಪಡೆಯು ಜರ್ಮನಿಯನ್ನು ಎಂಟಕ್ಕೆ ಒಂದರಂತೆ ಸೋಲಿಸಿದ ಕ್ರೀಡಾಕೂಟವದು. ನೆಲದಲ್ಲಿ ಗುಂಡಿ ತೋಡಿ ಕೆಳಗಿನಿಂದ ಚಿತ್ರಿಸುವುದು, ಹಳಿಗಳ ಮೇಲೆ ಕ್ಯಾಮರಾವನ್ನು ಓಡಿಸುವುದು, ನೀರಿನೊಳಗೆ ಹೋಗಿ ಈಜುಗಾರರನ್ನು ಹಿಡಿಯುವುದು, ಇವೆಲ್ಲವನ್ನೂ ಆಕೆ ಸಾಧಿಸಿದಳು. ೧೯೩೮ರಲ್ಲಿ ಒಲಿಂಪಿಯಾ ಎಂಬ ಹೆಸರಿನಿಂದ ಎರಡು ಭಾಗಗಳಾಗಿ ಹೊರಬಂದ ಆ ಚಿತ್ರದ ಸೌಂದರ್ಯವನ್ನು ಅಲ್ಲಗಳೆಯುವವರಿಲ್ಲ. ಆದರೆ ಹಣವು ಹಿಟ್ಲರನ ಸರ್ಕಾರದ್ದು. ಕೀರ್ತಿಯೂ ಆ ಕ್ರೂರಿಗೆ ಸಲ್ಲಬೇಕೆಂಬುದೇ ಸಂಕಲ್ಪ. ಕಲೆಯು ನಿರ್ದುಷ್ಟವಾಗಿದ್ದರೂ ಅದರ ಒಡೆಯನು ದುಷ್ಟನಾದರೆ ಹಾಲಿಗೆ ಹುಳಿ ಹಿಂಡಿದಂತಾಗುತ್ತದೆ.

ಇನ್ನೊಂದು ಮಾರ್ಗವು ಅಮೆರಿಕದ ಬಡ್ ಗ್ರೀನ್‌ಸ್ಪಾನರದು. ೧೯೨೬ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ ೨೦೧೦ರ ಡಿಸೆಂಬರ್ ೨೫ರಂದು ತೀರಿಕೊಂಡ ಇವರು, ೧೯೫೨ರ ಹೆಲ್ಸಿಂಕಿ ಒಲಿಂಪಿಕ್ಕಿಗೆ ಹೋದ ಭಾರವೆತ್ತುವ ಕರಿಯ ಪಟು ಜಾನ್ ಡೇವಿಸನ ಚಿತ್ರದಿಂದ ಆರಂಭಿಸಿ, ಜೀವಮಾನವನ್ನೆಲ್ಲ ಕ್ರೀಡಾಪಟುಗಳ ವೃತ್ತಾಂತವನ್ನು ಹೇಳುವುದರಲ್ಲಿಯೇ ಕಳೆದರು. ಬರ್ಲಿನಿನಲ್ಲಿ ನಾಲ್ಕು ಸ್ವರ್ಣಪದಕಗಳನ್ನು ಗೆದ್ದ ಜೆಸ್ಸಿ ಓವೆನ್ಸನನ್ನು ಮತ್ತೆ ಅದೇ ಮೈದಾನಕ್ಕೆ ಕರೆದೊಯ್ದು ಚಿತ್ರಿಸಿದವರು ಇವರೇ. ೧೯೬೮ರಲ್ಲಿ ಮೆಕ್ಸಿಕೋದ ಮ್ಯಾರಥಾನ್ ಓಟದಲ್ಲಿ ಟಾಂಜಾನಿಯ ದೇಶದ ಜಾನ್ ಸ್ಟೀಫನ್ ಅಖ್ವಾರಿಯು ದಾರಿಯಲ್ಲಿ ಬಿದ್ದು, ಗಾಯಗೊಂಡ ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು, ಗೆದ್ದವನು ಮುಟ್ಟಿ ಗಂಟೆಗೂ ಹೆಚ್ಚು ಕಾಲ ಕಳೆದ ಮೇಲೆ ಕತ್ತಲಲ್ಲಿ ಕುಂಟುತ್ತ ಬಂದು ಓಟವನ್ನು ಪೂರೈಸಿದನು. ಎಲ್ಲರಿಗಿಂತ ಕಡೆಯವನಾದ ಆತನ ಕಥೆಯನ್ನು ಲೋಕದ ಮನೆಮನೆಗೆ ಮುಟ್ಟಿಸಿದವರಲ್ಲಿ ಗ್ರೀನ್‌ಸ್ಪಾನರು ಮುಖ್ಯರು. ಗೆದ್ದವರಿಗೆ ಪದಕವೇ ಸಾಕ್ಷಿ; ಕಡೆಯವನಿಗೆ ಚಿತ್ರಕಾರನೊಬ್ಬನೇ ಸಾಕ್ಷಿಯೆಂಬುದನ್ನು ಅವರು ಅರಿತಿದ್ದರು.

ನಮ್ಮ ಸಾವೇ ದಾದಾ ಅವರ ಕುಸ್ತಿಯ ಚಿತ್ರವು ಈ ಎರಡನೆಯ ಮಾರ್ಗದ ಹೊಸ್ತಿಲೆಂದು ನನ್ನ ಅಭಿಪ್ರಾಯ. ಅದರ ಹಿಂದೆ ದೊರೆಯಿರಲಿಲ್ಲ, ಪದಕವಿರಲಿಲ್ಲ. ಬಿಸಿಲು, ಮಣ್ಣು, ಇಬ್ಬರು ಮನುಷ್ಯರು, ಸ್ವಂತ ದುಡ್ಡಿನ ಒಂದು ಪೆಟ್ಟಿಗೆ, ಇಷ್ಟೇ.

೮

ಇನ್ನು ಮೊದಲಲ್ಲಿ ಹೇಳಿದ ಕಾರಣವನ್ನು ಅರಿಕೆ ಮಾಡಿಕೊಳ್ಳುತ್ತೇನೆ. ಇದು ಚರಿತ್ರೆಯಲ್ಲ, ತಪ್ಪೊಪ್ಪಿಗೆ.

೧೯೮೯ನೆಯ ಇಸವಿಯಲ್ಲಿ ನಾನು ಈ ಸೀಮೆಯ ಒಂದು ಶಾಲೆಯಲ್ಲಿ ಉಪಾಧ್ಯಾಯನಾಗಿದ್ದೆ. ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠಮಾಡಿ ಬಂದವನಾದ ನನಗೆ ಆಟವೆಂದರೆ ಪಾಠಕ್ಕೆ ಅಡ್ಡಿಯೆಂದೇ ಭಾವನೆ. ಆ ವರ್ಷ ನಮ್ಮ ಶಾಲೆಯ ಏಳು ಮಂದಿ ಹುಡುಗರು ತಾಲ್ಲೂಕು ಮಟ್ಟದ ಕಬಡ್ಡಿಯಲ್ಲಿ ಗೆದ್ದರು. ಏಳರಲ್ಲಿ ಐವರು ಕಾಫಿತೋಟದ ಲೈನು ಮನೆಗಳ ಮಕ್ಕಳು. ಕಾಲಿಗೆ ಮೆಟ್ಟಿಲ್ಲದೆ, ಜಿಗಣೆ ಕಚ್ಚಿದ ಗಾಯಗಳೊಡನೆ ಆಡಿದವರು. ಅಲ್ಲಿಗೆ ಬಂದಿದ್ದ ಫೋಟೋದವನೊಬ್ಬನು, ಹದಿನೈದು ರೂಪಾಯಿ ಕೊಟ್ಟರೆ ಹುಡುಗರ ಪಟವನ್ನು ತೆಗೆದುಕೊಡುತ್ತೇನೆಂದನು. ಹುಡುಗರು ಆಗಲೇ ಸಾಲಾಗಿ ನಿಂತಿದ್ದರು. ಶಾಲೆಯ ಹಣ ನನ್ನ ಕೈಯಲ್ಲಿತ್ತು. “ಹದಿನೈದು ರೂಪಾಯಿಗೆ ಶಬ್ದಮಂಜರಿ ಬರುತ್ತದೆ, ಪಟವೇತಕ್ಕೆ?” ಎಂದು ನಾನು ಅವರನ್ನು ಬಸ್ಸು ಹತ್ತಿಸಿದೆ. ಶಬ್ದಮಂಜರಿಯನ್ನೂ ಕೊಳ್ಳಲಿಲ್ಲವೆಂಬುದನ್ನು ಇಲ್ಲಿ ಸೇರಿಸಬೇಕು.

ಶಾಲೆಯ ದಾಖಲೆಪುಸ್ತಕದಲ್ಲಿ ಆ ವಿಜಯದ ವಿಷಯವಾಗಿ ಒಂದು ಸಾಲು ಬರೆದಿದ್ದೆ. ೨೦೧೯ರ ಆಗಸ್ಟಿನ ಮಳೆಯಲ್ಲಿ, ಘಾಟಿಯೇ ಕುಸಿದು ದಾರಿ ಮುಚ್ಚಿದ ಆ ದಿನಗಳಲ್ಲಿ, ಮಾಡು ಸೋರಿ ಬೀರುವಿನ ಪುಸ್ತಕಗಳೆಲ್ಲ ಒಂದೇ ಮುದ್ದೆಯಾದುವು.

ಕಳೆದ ಮಳೆಗಾಲದಲ್ಲಿ ಆ ಏಳು ಹುಡುಗರಲ್ಲೊಬ್ಬನು, ಈಗ ತಲೆ ನರೆತವನು, ಕಳಸದ ಕಡೆಯಿಂದ ಕೊಡೆ ಹಿಡಿದುಕೊಂಡು ಮಗಳೊಡನೆ ನಮ್ಮ ಮನೆಗೆ ಬಂದನು. ಹುಡುಗಿ ಶಾಲೆಯ ಕಬಡ್ಡಿ ಪಡೆಗೆ ಆಯ್ಕೆಯಾಗಿದ್ದಳು. “ನಾನೂ ಆಡ್ತಿದ್ದೆ ಅಂದ್ರೆ ಇವಳು ನಂಬೋದಿಲ್ಲ ಮೇಷ್ಟ್ರೇ. ನಿಮ್ಮ ಹತ್ರ ಒಂದು ಪಟ ಇದ್ರೆ ತೋರಿಸಿ” ಎಂದನು. ನಾನು ಏನು ತೋರಿಸಲಿ? ಹದಿನೈದು ರೂಪಾಯಿಯ ವಿಷಯ ಅವನು ಮರೆತಿದ್ದನೋ, ಮರೆತಂತೆ ನಟಿಸಿದನೋ ನಾನರಿಯೆ, ನನಗಂತೂ ಮರೆತಿರಲಿಲ್ಲ.

ಕಡೆಗೆ ಒಂದು ಹಾಳೆಯನ್ನು ತೆಗೆದುಕೊಂಡು, ವರ್ಷ, ಆಟ, ಎದುರಾಳಿ ಶಾಲೆ ಇವುಗಳನ್ನು ಬರೆದು, ಏಳು ಹೆಸರುಗಳನ್ನು ಬರೆಯತೊಡಗಿದೆ. ಐದು ನನಗೆ ಹೊಳೆದುವು. ಉಳಿದೆರಡನ್ನು ಅವನು ಹೇಳಿದನು. ಅವರಲ್ಲೊಬ್ಬನು ಈಗ ಬದುಕಿಲ್ಲವೆಂದೂ ತಿಳಿಸಿದನು. ಕೆಳಗೆ ನನ್ನ ರುಜು ಹಾಕಿ ಹುಡುಗಿಯ ಕೈಗೆ ಕೊಟ್ಟೆ. ಅವಳು ಅದನ್ನು ಎರಡು ಸಲ ಓದಿ, ತಂದೆಯ ಮುಖವನ್ನು ನೋಡಿ, ಮಡಿಸಿ, ನೆನೆಯದಂತೆ ಚೀಲದೊಳಗಿನ ಪುಸ್ತಕದಲ್ಲಿ ಇಟ್ಟುಕೊಂಡಳು. ಆ ರಾತ್ರಿ ನಾನು ಸಾವೇ ದಾದಾ ಅವರನ್ನು ನೆನೆದೆ. ಈ ಲೇಖನವು ಹುಟ್ಟಿದ್ದು ಹಾಗೆ.

ಈಗ ಪ್ರತಿಯೊಬ್ಬನ ಜೇಬಿನಲ್ಲಿಯೂ ಕ್ಯಾಮರಾವಿದೆ. ಕೆಸರುಗದ್ದೆಯ ಓಟ, ಹಗ್ಗಜಗ್ಗಾಟ, ವಾಲಿಬಾಲ್ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿಯುತ್ತಾರೆ. ಇಪ್ಪತ್ತೊಂದು ಗಿನಿಯೂ ಬೇಡ, ಹದಿನೈದು ರೂಪಾಯಿಯೂ ಬೇಡ. ಆದುದರಿಂದ ಎಲ್ಲವೂ ಉಳಿಯುವುದೆಂದು ನಂಬಿದರೆ ಮೋಸಹೋಗುತ್ತೇವೆ. ಮೊಬೈಲು ಹೊಳೆಗೆ ಬೀಳುತ್ತದೆ. ಜಾಗ ಸಾಲದೆಂದು ಹಳೆಯದನ್ನು ಅಳಿಸುತ್ತಾರೆ. ಉಳಿದ ಚಿತ್ರದಲ್ಲಿ ಓಡುತ್ತಿರುವವನು ಯಾರೆಂಬುದು ಹತ್ತು ವರ್ಷದ ಮೇಲೆ ಯಾರಿಗೂ ತಿಳಿಯುವುದಿಲ್ಲ. ನೈಟ್ರೇಟು ಹೋಯಿತು, ಬುದ್ಧಿದೋಷವು ಹೋಗಿಲ್ಲ.

ಆದಕಾರಣ ನಮ್ಮ ಸಂಘದ ಸದಸ್ಯರಲ್ಲಿಯೂ ಜಿಲ್ಲೆಯ ಉಪಾಧ್ಯಾಯ ಮಿತ್ರರಲ್ಲಿಯೂ ನನ್ನ ವಿಜ್ಞಾಪನೆಯಿಷ್ಟೇ. ಮನೆಯ ಪೆಟ್ಟಿಗೆಗಳಲ್ಲಿ, ಶಾಲೆಯ ಗೋಡೆಗಳ ಮೇಲೆ ಆಟದ ಹಳೆಯ ಪಟಗಳಿದ್ದರೆ ಹುಡುಕಿ ತೆಗೆಯಿರಿ. ಪಟದ ಹಿಂದೆ ಸೀಸದ ಕಡ್ಡಿಯಿಂದ ಹೆಸರು, ಊರು, ವರ್ಷಗಳನ್ನು ಬರೆಯಿರಿ. ಗೆದ್ದವರದನ್ನು ಮಾತ್ರವಲ್ಲ, ಸೋತವರದನ್ನೂ ಬರೆಯಿರಿ. ಪಟವಿಲ್ಲದಿದ್ದರೆ ಹೆಸರನ್ನಾದರೂ ಬರೆಯಿರಿ. ಬಲ್ಲವರು ಇನ್ನೂ ಇರುವಾಗಲೇ ಕೇಳಿ ಬರೆಯಿರಿ. ಸಂಘದ ಕಪಾಟಿನಲ್ಲಿ ಅದಕ್ಕೊಂದು ಒಣಗಿದ ಜಾಗವು ದೊರೆಯಲಿ. ನನ್ನ ಏಳು ಹುಡುಗರ ಹೆಸರುಗಳ ಒಂದು ಪ್ರತಿಯನ್ನು ಈ ಲೇಖನದೊಡನೆಯೇ ಕಾರ್ಯದರ್ಶಿಗಳಿಗೆ ಕಳುಹಿಸಿದ್ದೇನೆ.